ಹೊಲಿಗೆ ಯಂತ್ರದ ಜತೆ ಪಾಠವೂ ಮನೆಗೆ ಬರಲಿ

ಮಾನ್ಯರೇ,

ಗೃಹಲಕ್ಷ್ಮಿ ಹಣ ಕೂಡಿಟ್ಟು ಹೊಲಿಗೆ ಯಂತ್ರ ತಂದ ಹೆಣ್ಣುಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಇಲಾಖೆಗಳು, ನಿಗಮಗಳು ಉಚಿತವಾಗಿ ಯಂತ್ರ ಹಂಚುವ ಚಿತ್ರಗಳೂ ಬರುತ್ತವೆ. ಸಂತೋಷದ ವಿಷಯವೇ. ಆದರೆ ಯಂತ್ರ ಮನೆಗೆ ಬಂದ ಮೇಲೆ ಅದನ್ನು ಕಲಿಯುವುದು ಹೇಗೆ ಎಂಬುದು ಸುದ್ದಿಯಾಗುವುದಿಲ್ಲ. ಮೊಬೈಲಿನಲ್ಲಿ ‘ಬ್ಲೌಸ್ ಕಟಿಂಗ್’ ಎಂದು ಹುಡುಕಿ, ಮೊದಲು ಸಿಕ್ಕ ವಿಡಿಯೊ ನೋಡಿ, ಹೊಸ ಬಟ್ಟೆಗೆ ಕತ್ತರಿ ಹಾಕುತ್ತಾರೆ. ಎದೆಯಲ್ಲಿ ಜೋತುಬಿದ್ದು ಕಂಕುಳಲ್ಲಿ ಹಿಡಿಯುವ ಬ್ಲೌಸು ಕೈಗೆ ಬರುತ್ತದೆ. ‘ಇದು ನನ್ನ ಕೈಗೆ ಹತ್ತುವ ಕೆಲಸ ಅಲ್ಲ’ ಎಂದು ಯಂತ್ರದ ಮೇಲೆ ಹಳೇ ಸೀರೆ ಹೊದಿಸಿಬಿಡುತ್ತಾರೆ.

ಹೊಲಿಗೆಯನ್ನು ಮನೆಯಲ್ಲೇ ಕೂತು ಕಲಿಯಲು ಖಂಡಿತ ಆಗುತ್ತದೆ. ಹಿಂದೆ ಸಿಂಪಿಗರ ಅಂಗಡಿಯಲ್ಲಿ ಮೊದಲು ಕಾಜಾ ಮಾಡಿ, ಗುಂಡಿ ಹಚ್ಚಿ, ಹೆಮ್ಮಿಂಗ್ ಮಾಡಿ, ಎಷ್ಟೋ ಕಾಲದ ಮೇಲೆ ಕತ್ತರಿ ಮುಟ್ಟುವ ಕ್ರಮವಿತ್ತು. ಈಗ ಪಾಠಗಳಿಗೆ ಬರವಿಲ್ಲ. ಅವುಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವವರಿಗೆ ಬರ. ಹೊಲಿಗೆ ಕಲಿಸುವವರಾಗಿ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಅಳತೆಗಳನ್ನು ಬಿಟ್ಟು ಬರೆದರೆ ಓದಿದವರಿಗೆ ಉಪಯೋಗವಿಲ್ಲ.

ಮೊದಲು ಲೆಕ್ಕದ ಮಾತು. ಹೆಚ್ಚು ಬಟ್ಟೆ ಹಾಳಾಗುವುದು ಇಲ್ಲೇ. ಬ್ಲೌಸಿಗೆ ಅಳತೆ ತೆಗೆಯುವ ಪದ್ಧತಿ ಎರಡು. ಒಂದು ಮೈ ಅಳತೆ, ಅಂದರೆ ಟೇಪನ್ನು ಎದೆಯ ಸುತ್ತ ಹಿಡಿದಾಗ ಬಂದ ಅಂಕಿ. ಇನ್ನೊಂದು ಬ್ಲೌಸ್ ಅಳತೆ, ಅಂದರೆ ಮೈಗೆ ಸರಿಯಾಗಿ ಕೂರುವ ಹಳೇ ಬ್ಲೌಸಿಗೆ ಹುಕ್ಕು ಹಾಕಿ, ಚಪ್ಪಟೆಯಾಗಿ ಹಾಸಿ ಅಳೆದಾಗ ಬಂದ ಅಂಕಿಯ ಎರಡರಷ್ಟು. ಮೈ ಅಳತೆ 36 ಇಂಚು ಎಂದುಕೊಳ್ಳಿ. ಉಸಿರಾಡಲು, ಕೈ ಆಡಿಸಲು ಒಟ್ಟು 2 ಇಂಚು ಲೂಸ್ ಬೇಕೆಂದರೆ ಹೊಲಿದ ಬ್ಲೌಸು 38 ಇರಬೇಕು. 36ರ ಕಾಲು ಭಾಗ 9, ಅದಕ್ಕೆ ಲೂಸ್ ಅರ್ಧ ಇಂಚು ಸೇರಿ 9½, ಪಕ್ಕದ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ, 1½ ಇಂಚು. ಕತ್ತರಿಸುವ ಗುರುತು 11 ಇಂಚಿಗೆ ಬಂತು. ಬ್ಲೌಸ್ ಅಳತೆಯಲ್ಲಿ ಲೂಸ್ ಆಗಲೇ ಸೇರಿರುತ್ತದೆ. 38ರ ಕಾಲು ಭಾಗ 9½, ಮಾರ್ಜಿನ್ 1½, ಗುರುತು ಅದೇ 11. ಎರಡೂ ಸರಿಯೇ.

ಈಗ ಒಬ್ಬರ ವಿಡಿಯೊ ನೋಡಿ ಹಳೇ ಬ್ಲೌಸಿನಿಂದ ಅಳತೆ ತೆಗೆದು, ಇನ್ನೊಬ್ಬರ ವಿಡಿಯೊ ನೋಡಿ ಮೈ ಅಳತೆಯ ಸೂತ್ರದಲ್ಲಿ ಕಟಿಂಗ್ ಮಾಡಿದರು ಎನ್ನಿ. 9½ಕ್ಕೆ ಮತ್ತೆ ಅರ್ಧ ಇಂಚು ಸೇರುತ್ತದೆ. ಅರ್ಧ ಇಂಚು ತಾನೇ ಅನ್ನಿಸಬಹುದು. ಬ್ಲೌಸಿನಲ್ಲಿ ಅಂಥ ಕಾಲು ಭಾಗಗಳು ನಾಲ್ಕು: ಹಿಂದೆ ಎರಡು, ಮುಂದೆ ಎರಡು. ಒಟ್ಟು 2 ಇಂಚು ಹೆಚ್ಚಾಯಿತು. ಮೊದಲ ಬ್ಲೌಸು ಚೀಲದ ಹಾಗೆ ಜೋತುಬೀಳುವುದಕ್ಕೆ ನಾವು ಕಂಡ ದೊಡ್ಡ ಕಾರಣ ಇದೇ. ತಿರುವುಮುರುವಾದರೆ, ಅಂದರೆ ಮೈ ಅಳತೆಯನ್ನು ಬ್ಲೌಸ್ ಅಳತೆಯ ಸೂತ್ರಕ್ಕೆ ಹಾಕಿದರೆ, ಹುಕ್ಕು ಹಾಕಿಕೊಂಡು ಕೈ ಮುಂದಕ್ಕೆ ಚಾಚಲು ಆಗುವುದಿಲ್ಲ.

ಕಂಕುಳ ಇಳಿತ, ಭುಜದ ಇಳಿಜಾರು, ಕತ್ತಿನ ಅಗಲ ಇವುಗಳಿಗೂ ಒಬ್ಬೊಬ್ಬ ಟೈಲರರ ಸೂತ್ರ ಒಂದೊಂದು. ಕೆಲವರು ಎದೆ ಅಳತೆಯನ್ನು ಆರರಿಂದ ಭಾಗಿಸುತ್ತಾರೆ, ಕೆಲವರು ಎಂಟರಿಂದ ಭಾಗಿಸಿ ಒಂದಷ್ಟು ಕೂಡಿಸುತ್ತಾರೆ, ಕೆಲವರು ಕಂಕುಳ ಸುತ್ತನ್ನೇ ನೇರವಾಗಿ ಅಳೆಯುತ್ತಾರೆ. ಒಂದು ಸೂತ್ರ ಅದರ ಜತೆಗಿರುವ ಉಳಿದ ಸೂತ್ರಗಳ ಜತೆ ಮಾತ್ರ ಹೊಂದುತ್ತದೆ. ಹಾಗಾಗಿ ಮೊದಲ ಮೂರು ಬ್ಲೌಸು ಮುಗಿಯುವ ತನಕ ಅಳತೆಯಿಂದ ಹುಕ್ಕಿನವರೆಗೆ ಒಬ್ಬರದೇ ಪಾಠ ಹಿಡಿಯಬೇಕು. ಇನ್ನೊಬ್ಬರು ಎಷ್ಟೇ ಚೆನ್ನಾಗಿ ಹೇಳಿದರೂ ಅಲ್ಲಿಯವರೆಗೆ ಅವರ ಅಂಕಿ ತರಬಾರದು. ಮೊಬೈಲಿನ ಚಾಟ್ ಆ್ಯಪ್‌ಗಳನ್ನು ಕೇಳಿ ಅಳತೆ ಪಡೆಯುವವರಿಗೂ ಇದೇ ಮಾತು: ಆ ಅಂಕಿ ಮೈ ಅಳತೆಯದೋ ಬ್ಲೌಸ್ ಅಳತೆಯದೋ, ಮಾರ್ಜಿನ್ ಸೇರಿದೆಯೋ ಇಲ್ಲವೋ ಎಂದು ಬಿಡಿಸಿ ಕೇಳದೆ ಬಟ್ಟೆ ಕತ್ತರಿಸಬೇಡಿ.

ಹೊರದೇಶದ ಇಂಗ್ಲಿಷ್ ಪಾಠ ನೋಡುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಅಂಗಡಿಯಲ್ಲಿ ಮಾರುವ ಅಚ್ಚು ಮಾದರಿಗಳಲ್ಲಿ ಸಾಮಾನ್ಯವಾಗಿ ⅝ ಇಂಚು, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ಮಾರ್ಜಿನ್ ಸೇರಿಸಿಯೇ ಗೆರೆ ಹಾಕಿರುತ್ತಾರೆ. ನಮ್ಮವರು ಅಭ್ಯಾಸಬಲದಿಂದ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ಟಿನ ಅಂಚಿಗೆ ಬಟ್ಟೆ ಹಿಡಿದು ಕಾಲು ಇಂಚಿಗೆ ಹೊಲಿದರೆ ಒಂದೊಂದು ಪದರದಲ್ಲೂ ⅜ ಇಂಚು ಉಳಿಯುತ್ತದೆ. ಒಂದು ಪಕ್ಕದ ಹೊಲಿಗೆಗೆ ಮುಕ್ಕಾಲು ಇಂಚು, ಎರಡು ಪಕ್ಕಕ್ಕೆ ಒಂದೂವರೆ ಇಂಚು ದೊಡ್ಡದಾಯಿತು. ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್ ಇರುತ್ತದೆ ಎಂಬುದನ್ನೂ ಮರೆಯಬಾರದು. ಅಗ್ಗದ ಟೇಪು ಎಳೆದೆಳೆದು ಉದ್ದವಾಗುತ್ತದೆ. ತಂದ ದಿನವೇ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, ಆರು ತಿಂಗಳಿಗೊಮ್ಮೆ ಮತ್ತೆ ನೋಡಿ.

ವಿಡಿಯೊ ಆರಿಸುವ ಬಗೆ ಇದು. ಮೊದಲು ಕೊನೆಯ ನಿಮಿಷ ನೋಡಿ. ಹೊಲಿದದ್ದನ್ನು ಯಾರಾದರೂ ತೊಟ್ಟು ತೋರಿಸಿದ್ದಾರೆಯೇ, ಬರೀ ಹ್ಯಾಂಗರಿಗೆ ಹಾಕಿದ್ದಾರೆಯೇ? ತೊಟ್ಟಿದ್ದರೆ ಬೆನ್ನು ತೋರಿಸಿದ್ದಾರೆಯೇ, ಕೈ ಎತ್ತಿ ತೋರಿಸಿದ್ದಾರೆಯೇ? ಕೈ ಎತ್ತಿದಾಗ ಬ್ಲೌಸಿನ ಕೆಳಪಟ್ಟಿ ಎದೆಯ ಮೇಲಕ್ಕೆ ಜಾರದಿದ್ದರೆ ಆ ಕಟಿಂಗ್ ನಂಬಬಹುದು. ಆಮೇಲೆ ಆರಂಭಕ್ಕೆ ಬಂದು, ಯಾರ ಯಾವ ಅಳತೆಗೆ ಹೊಲಿಯುತ್ತಿದ್ದಾರೆ ಎಂದು ಹೇಳಿದ್ದಾರೋ ನೋಡಿ. ‘ಇಲ್ಲಿ ಸ್ವಲ್ಪ ಬಿಡಿ, ಅಲ್ಲಿ ಒಂಚೂರು ಒಳಗೆ ತಗೊಳ್ಳಿ’ ಎನ್ನುವವರ ಪಾಠ ಆಗಲೇ ಗೊತ್ತಿರುವವರಿಗೆ ಮಾತ್ರ ಅರ್ಥವಾಗುತ್ತದೆ. ‘ಐದೇ ನಿಮಿಷದಲ್ಲಿ ಬ್ಲೌಸ್’ ಎನ್ನುವವನ್ನು ಬಿಟ್ಟುಬಿಡಿ. ತೋಳು ಕೂರಿಸುವ ಒಂದೇ ಕೆಲಸಕ್ಕೆ ಕಲಿಯುವವರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ಹತ್ತು ಸೆಕೆಂಡಿಗೆ ಓಡಿಸಿದರೆ ಕೈ ಎಲ್ಲಿ ಬಟ್ಟೆ ತಳ್ಳಿತು, ಎಲ್ಲಿ ತಡೆದು ಹಿಡಿಯಿತು ಎಂಬುದು ಕಾಣುವುದೇ ಇಲ್ಲ.

ಕ್ಯಾಮೆರಾ ಎಲ್ಲಿದೆ ಎಂಬುದೂ ಮುಖ್ಯ. ಹೇಳಿಕೊಡುವವರ ಎದುರಿಗೆ ಇದ್ದರೆ ಅವರ ಬಲ ನಿಮಗೆ ಎಡವಾಗುತ್ತದೆ. ಹುಕ್ಕಿನ ಪಟ್ಟಿ ಯಾವ ಕಡೆ, ತೋಳಿನ ಮುಂಭಾಗ ಯಾವುದು ಎಂಬಲ್ಲಿ ಗೊಂದಲ ಶುರುವಾಗುವುದು ಹೀಗೇ. ಅವರ ಭುಜದ ಮೇಲಿಂದ ಅಥವಾ ನೇರ ಮೇಲಿಂದ ತೆಗೆದ ಪಾಠ ಸಿಕ್ಕರೆ ಅದನ್ನೇ ಹಿಡಿಯಿರಿ. ತಪ್ಪಾದರೆ ಹೇಗೆ ಕಾಣುತ್ತದೆ ಎಂದು ತೋರಿಸಿ, ಬಿಚ್ಚಿ ಸರಿಪಡಿಸುವವರ ಒಂದು ಪಾಠ ಬರೀ ಅಂದವಾಗಿ ಹೊಲಿದು ಮುಗಿಸುವವರ ಹತ್ತು ಪಾಠಕ್ಕೆ ಸಮ.

ವಿಡಿಯೊ ನೋಡುತ್ತಾ ಯಂತ್ರ ತುಳಿಯಬೇಡಿ. ಮೊದಲು ಪೂರ್ತಿ ನೋಡಿ. ಎರಡನೇ ಸಲ ಮುಕ್ಕಾಲು ವೇಗಕ್ಕೆ ಇಳಿಸಿ, ಅಲ್ಲಲ್ಲಿ ನಿಲ್ಲಿಸಿ, ಕಟಿಂಗಿನ ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಕಾಲು ಸ್ಕೇಲಿಗೆ, ಅಂದರೆ ಒಂದು ಇಂಚಿಗೆ ಕಾಲು ಇಂಚಿನಂತೆ ಬರೆದುಕೊಳ್ಳಿ. ಹೊಲಿಗೆ ತರಗತಿಗಳಲ್ಲಿ ಮಾಡಿಸುವುದೂ ಇದನ್ನೇ. ನಕ್ಷೆ ನಿಮ್ಮ ಕೈಯಲ್ಲಿ ಬಂದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು, ಪೂರ್ಣ ಅಳತೆಯಲ್ಲಿ ದಿನಪತ್ರಿಕೆಯ ಮೇಲೆ ಗೆರೆ ಹಾಕಿ. 36 ಎದೆ ಅಳತೆಯ ಬ್ಲೌಸಿನ ಹಿಂಭಾಗದ ಅರ್ಧ 11 ಇಂಚು ಅಗಲ, ಸುಮಾರು 16 ಇಂಚು ಉದ್ದ. ಪತ್ರಿಕೆಯ ಒಂದು ಪುಟದಲ್ಲಿ ಸಲೀಸಾಗಿ ಹಿಡಿಯುತ್ತದೆ. ಆದರೆ ತಿಳಿ ಬಣ್ಣದ ಬಟ್ಟೆಯ ಮೇಲೆ ಪತ್ರಿಕೆ ಇಡಬೇಡಿ, ಮಸಿ ಅಂಟುತ್ತದೆ. ಸರಿಬಂದ ನಕ್ಷೆಯನ್ನು ಕಂದು ಬಣ್ಣದ ಬ್ರೌನ್ ಪೇಪರಿಗೆ ಇಳಿಸಿಕೊಳ್ಳಿ. ಅದರ ಮೇಲೆ ಹೆಸರು, ಅಳತೆ, ತಾರೀಖು, ಮಾರ್ಜಿನ್ ಸೇರಿದೆಯೋ ಇಲ್ಲವೋ, ಎಲ್ಲ ಬರೆದಿಡಿ. ಕಾಗದಕ್ಕೆ ಒಂದು ಕತ್ತರಿ, ಬಟ್ಟೆಗೆ ಇನ್ನೊಂದು. ಕಾಗದ ಕತ್ತರಿಸಿದ ಕತ್ತರಿ ಬಟ್ಟೆಯನ್ನು ಜಗಿಯುತ್ತದೆ.

ಕಟಿಂಗಿಗಿಂತ ಮೊದಲು ಯಂತ್ರ ಕೈಗೆ ಬಗ್ಗಬೇಕು. ಇದಕ್ಕೆ ವಿಡಿಯೊಗಿಂತ ಯಂತ್ರದ ಕೈಪಿಡಿ ಒಳ್ಳೆಯದು. ಡಬ್ಬಿಯಲ್ಲಿ ಬಂದ ಪುಸ್ತಿಕೆಯನ್ನು ಎಸೆಯಬಾರದು. ಕಳೆದುಹೋಗಿದ್ದರೆ ಯಂತ್ರದ ಮೇಲಿರುವ ಮಾದರಿ ಹೆಸರನ್ನು ಹಾಕಿ ಹುಡುಕಿ. ನಿಮ್ಮದೇ ಮಾದರಿಯದು ಸಿಗದಿದ್ದರೆ ಅದೇ ಬಗೆಯ ಬಾಬಿನ್ ಕೇಸ್ (ಅಡಿದಾರದ ಉರುಳೆ ಕೂರುವ ಗೂಡು) ಇರುವ ಯಂತ್ರದ್ದೂ ಆದೀತು. ಅದರಲ್ಲಿ ಮೂರು ಚಿತ್ರ ಮುಖ್ಯ: ಮೇಲ್ದಾರದ ದಾರಿ, ಬಾಬಿನ್ ಕೂರಿಸುವ ದಿಕ್ಕು, ಎಣ್ಣೆ ಬಿಡುವ ತೂತುಗಳು. ಎಣ್ಣೆ ಹೊಲಿಗೆ ಯಂತ್ರದ್ದೇ ಆಗಬೇಕು. ಕೊಬ್ಬರಿ ಎಣ್ಣೆ ಬಿಟ್ಟರೆ ಕೆಲವೇ ದಿನಗಳಲ್ಲಿ ಅಂಟಾಗಿ ಯಂತ್ರ ಬಿಗಿಯುತ್ತದೆ. ಎಣ್ಣೆ ಬಿಟ್ಟ ಮೇಲೆ ಚಿಂದಿ ಬಟ್ಟೆಯ ಮೇಲೆ ಎರಡು ಮೂರು ನಿಮಿಷ ಓಡಿಸಿ, ಆಮೇಲೆ ಒಳ್ಳೆಯ ಬಟ್ಟೆ ಇಡಿ.

ಮೊದಲ ವಾರ ದಾರವೇ ಬೇಡ. ಹಳೇ ಸೂಜಿ ಹಾಕಿ, ಗೆರೆ ಇರುವ ನೋಟ್‌ಬುಕ್ಕಿನ ಹಾಳೆಯನ್ನು ಪ್ರೆಸರ್ ಫುಟ್ ಕೆಳಗಿಟ್ಟು, ಗೆರೆಯ ಮೇಲೇ ತೂತು ಬೀಳುವಂತೆ ಓಡಿಸಿ. ನೇರ ಗೆರೆ ಬಂದ ಮೇಲೆ ತಟ್ಟೆ ಇಟ್ಟು ವೃತ್ತ ಬರೆದು ಅದರ ಮೇಲೆ, ಆಮೇಲೆ ಚೌಕದ ಮೂಲೆಗಳಲ್ಲಿ. ಮೂಲೆಗೆ ಬಂದಾಗ ಸೂಜಿ ಕೆಳಗಿರಬೇಕು, ಫುಟ್ ಎತ್ತಿ ಹಾಳೆ ತಿರುಗಿಸಬೇಕು. ಕಾಗದ ಸೂಜಿಯನ್ನು ಮೊಂಡು ಮಾಡುವುದರಿಂದ ಆ ಸೂಜಿಯನ್ನು ಮತ್ತೆ ಬಟ್ಟೆಗೆ ಬಳಸಬಾರದು. ದಿನಕ್ಕೆ ಇಪ್ಪತ್ತು ನಿಮಿಷ ಇದನ್ನು ಮಾಡಿದವರ ಕಾಲಿಗೂ ಕೈಗೂ ತಾಳ ಕೂಡುತ್ತದೆ. ಬಿಟ್ಟವರು ತಿಂಗಳಾದರೂ ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತಲೇ ಇರುತ್ತಾರೆ. ಎಳೆದಾಗ ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ.

ದಾರ ಹಾಕಿದ ಮೇಲೆ ಬರುವ ತೊಂದರೆಗಳಿಗೆ ತಪ್ಪು ಉತ್ತರ ಕೊಡುವ ಪಾಠಗಳೇ ಹೆಚ್ಚು. ಬಟ್ಟೆಯ ಅಡಿಯಲ್ಲಿ ದಾರ ಸುರುಳಿ ಸುರುಳಿಯಾಗಿ ಬಂದರೆ ಎಲ್ಲರೂ ಬಾಬಿನ್ ಕಡೆ ಕೈ ಹಾಕುತ್ತಾರೆ. ಅಡಿಯಲ್ಲಿ ಕಾಣುವ ಸುರುಳಿ ಮೇಲ್ದಾರದ್ದು. ಮೇಲ್ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿಲ್ಲ ಅಥವಾ ಟೆನ್ಷನ್ ಸಡಿಲವಾಗಿದೆ ಎಂದರ್ಥ. ಫುಟ್ ಎತ್ತಿಟ್ಟು ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿದರೆ ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ. ಫುಟ್ ಕೆಳಗಿದ್ದಾಗ ಬಿಲ್ಲೆಗಳು ಒತ್ತಿಕೊಂಡಿರುವುದರಿಂದ ದಾರ ಒಳಗೆ ಇಳಿಯುವುದಿಲ್ಲ. ಬಾಬಿನ್ ಬಿಗಿ ನೋಡಲು ಕೇಸನ್ನು ಅದರ ದಾರದಿಂದಲೇ ನೇತುಹಾಕಿ ಹಿಡಿಯಿರಿ. ತಾನಾಗಿ ಇಳಿಯಬಾರದು. ಮಣಿಕಟ್ಟನ್ನು ಸಣ್ಣಗೆ ಜಗ್ಗಿದರೆ ಒಂದಿಷ್ಟು ಜಾರಿ ನಿಲ್ಲಬೇಕು. ಸರ್ರನೆ ಇಳಿದರೆ ಕೇಸಿನ ಪಟ್ಟಿಯ ಮೇಲಿನ ಸಣ್ಣ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಿಮೆ ಬಿಗಿಮಾಡಿ. ಆ ತಿರುಪು ಕೂದಲೆಳೆಯಷ್ಟು ತಿರುಗಿದರೂ ಫರಕು ಬೀಳುತ್ತದೆ.

ನಡುನಡುವೆ ಹೊಲಿಗೆ ತಪ್ಪಿದರೆ ಸೂಜಿ ಬಾಗಿದೆ, ಮೊಂಡಾಗಿದೆ, ಇಲ್ಲವೇ ತಿರುಗಿ ಕೂತಿದೆ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೂ ಕಾಲುವೆಯಂತೆ ಗೀರು ಇರುತ್ತದೆ, ಬುಡದಲ್ಲಿ ಇನ್ನೊಂದು ಬದಿ ಚಪ್ಪಟೆ. ಗೀರಿನ ಬದಿಯಿಂದ ದಾರ ಒಳಗೆ ಹೋಗಬೇಕು, ಚಪ್ಪಟೆ ಬದಿ ಷಟಲ್ (ಅಡಿಯಲ್ಲಿ ಮೇಲ್ದಾರವನ್ನು ಹಿಡಿಯುವ ಕೊಕ್ಕೆ) ಇರುವ ಕಡೆಗೆ ಇರಬೇಕು. ಎಡಕ್ಕೋ ಬಲಕ್ಕೋ ಎಂಬುದು ಯಂತ್ರದ ಮೇಲೆ ಹೋಗುತ್ತದೆ. ಆದ್ದರಿಂದಲೇ ‘ಚಪ್ಪಟೆ ಬದಿ ಯಾವಾಗಲೂ ಹಿಂದಕ್ಕೆ’ ಎಂಬ ವಿಡಿಯೊ ಮಾತು ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ. ತೆಳುವಾದ ರೇಷ್ಮೆಗೆ 11 ನಂಬರ್ ಸೂಜಿ, ಸಾಧಾರಣ ಹತ್ತಿ ಬ್ಲೌಸಿಗೆ 14, ದಪ್ಪ ಬಟ್ಟೆಗೆ 16. ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ ಬಿದ್ದರೆ ಹತ್ತಿಗೆ ಸರಿ.

ಕಲಿಯುವ ಅನುಕ್ರಮ ಹೇಳದ ಪಾಠಮಾಲೆಯನ್ನೂ ನಂಬಬೇಡಿ. ಮೊದಲ ದಿನವೇ ಕಟೋರಿ ಬ್ಲೌಸ್, ಪ್ರಿನ್ಸೆಸ್ ಕಟ್‌ನಂಥ ಕಷ್ಟದ ಕಟಿಂಗ್ ಹೇಳಿಕೊಡುವವರು ನೋಡುಗರ ಸಂಖ್ಯೆಗೆ ಮಾಡುತ್ತಾರೆ. ಮೊದಲು ದಿಂಬಿನ ಕವರ್. 17ಕ್ಕೆ 27 ಇಂಚಿನ ದಿಂಬಿಗೆ 18 ಇಂಚು ಅಗಲ, 62 ಇಂಚು ಉದ್ದದ ಒಂದೇ ತುಂಡು ಸಾಕು: ಉದ್ದದಲ್ಲಿ ಎರಡು ಪದರಕ್ಕೆ 54, ಒಳಗೆ ಮಡಿಚುವ ಬಾಯಿಗೆ 6, ಎರಡು ತುದಿಯ ಮಡಿಕೆಗೆ 2. ನೇರ ಹೊಲಿಗೆ, ಮೂಲೆ, ಮಡಿಕೆ ಮೂರೂ ಇದರಲ್ಲಿ ಬರುತ್ತವೆ. ಆಮೇಲೆ ಸೀರೆಯ ಒಳಲಂಗ. ಓರೆಯಾಗಿ ಕತ್ತರಿಸಿದ ಅಂಚು ಹೇಗೆ ಜಗ್ಗುತ್ತದೆ ಎಂಬುದು ಲಂಗದ ಕಲಿಗಳನ್ನು (ಓರೆ ತುಂಡುಗಳನ್ನು) ಕೂಡಿಸುವಾಗ ಕೈಗೆ ತಿಳಿಯುತ್ತದೆ. ಮೂರನೆಯದು ಬ್ಲೌಸು, ಅದೂ ಲೈನಿಂಗ್ ಇಲ್ಲದ ಹತ್ತಿಯದು. ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿದು ತೊಟ್ಟು ನೋಡದೆ ಹೊಸ ಬ್ಲೌಸ್ ಪೀಸಿಗೆ ಕತ್ತರಿ ಹಾಕಬಾರದು.

ಬ್ಲೌಸ್ ಕಲಿಯಲು ಪೆಟ್ಟಿಗೆಯಲ್ಲೇ ಒಂದು ಒಳ್ಳೆಯ ಪುಸ್ತಕ ಇರುತ್ತದೆ: ಬಣ್ಣ ಮಾಸಿದರೂ ಮೈಗೆ ಚೆನ್ನಾಗಿ ಕೂರುತ್ತಿದ್ದ ಹಳೇ ಬ್ಲೌಸು. ಅದರ ಎಡ ಅರ್ಧವನ್ನು ಹಾಗೆಯೇ ಬಿಡಿ. ಬಲ ಅರ್ಧದ ಹೊಲಿಗೆಯನ್ನು ಬ್ಲೇಡಿನಿಂದಲ್ಲ, ಸೀಮ್ ರಿಪ್ಪರಿನಿಂದ ಒಂದೊಂದೇ ಬಿಚ್ಚಿ. ಬಿಚ್ಚುವ ಕ್ರಮವನ್ನು ಬರೆದಿಡಿ, ಹೊಲಿಯುವ ಕ್ರಮ ಅದರ ಹಿಮ್ಮುಖ. ಬಿಚ್ಚಿದ ತುಂಡುಗಳಿಗೆ ಇಸ್ತ್ರಿ ಮಾಡಿ, ಎಳೆಯದೆ ಕಾಗದದ ಮೇಲಿಟ್ಟು ಸುತ್ತ ಗೆರೆ ಹಾಕಿ. ಹೊಲಿಗೆಯ ತೂತುಗಳ ಸಾಲು ಒಂದು ಗೆರೆ, ಬಟ್ಟೆಯ ಅಂಚು ಇನ್ನೊಂದು. ನಡುವೆ ಉಳಿದದ್ದೇ ಮಾರ್ಜಿನ್. ತೋಳನ್ನು ಮಡಿಚಿ ನೋಡಿದರೆ ಮುಂಭಾಗದ ಬಳುಕು ಹಿಂಭಾಗಕ್ಕಿಂತ ಹೆಚ್ಚು ಒಳಗೆ ಹೋಗಿರುವುದು ಕಾಣುತ್ತದೆ. ಇದನ್ನು ಕಣ್ಣಾರೆ ಕಂಡವರು ತೋಳನ್ನು ಹಿಂದುಮುಂದಾಗಿ ಹಚ್ಚುವುದಿಲ್ಲ. ಎರಡೂ ತೋಳು ಒಂದೇ ಕೈಯದಾಗುವ ತಪ್ಪು, ಬಟ್ಟೆಯನ್ನು ಒಂದೇ ಪದರದಲ್ಲಿ ಹಾಸಿ ನಕ್ಷೆಯನ್ನು ಮಗುಚದೆ ಎರಡು ಸಲ ಕತ್ತರಿಸಿದಾಗ ಆಗುತ್ತದೆ. ಗುಳೇದಗುಡ್ಡದ ಖಣದಂತಹ ಅಂಚಿರುವ ಬಟ್ಟೆಯಲ್ಲಿ ತೋಳಿಗೂ ಬೆನ್ನಿಗೂ ಅಂಚು ಎಲ್ಲಿ ಬರಬೇಕೆಂದು ಕಾಗದದ ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳದೆ ಕತ್ತರಿ ಮುಟ್ಟಲೇಬಾರದು.

ತೊಟ್ಟು ನೋಡಿದಾಗ ಕಾಣುವ ಎರಡು ದೋಷಗಳ ಬಗ್ಗೆ ಇಲ್ಲೇ ಹೇಳಬೇಕು. ಕೈ ಎತ್ತಿದಾಗ ಹಿಡಿಯುತ್ತದೆ ಎಂದು ಹೊಸಬರು ಕಂಕುಳನ್ನು ಇನ್ನೂ ಆಳಕ್ಕೆ ಕತ್ತರಿಸುತ್ತಾರೆ. ಆಳವಾದಷ್ಟೂ ತೋಳು ಇಡೀ ಬ್ಲೌಸನ್ನು ಮೇಲಕ್ಕೆ ಎತ್ತುತ್ತದೆ. ಅಲ್ಲಿ ನೋಡಬೇಕಾದದ್ದು ತೋಳಿನ ಅಗಲವನ್ನೂ ಬೆನ್ನಿನ ಅಗಲವನ್ನೂ. ಭುಜ ಜಾರುವುದಕ್ಕೆ ಸಾಮಾನ್ಯವಾಗಿ ಕಾರಣ ಕತ್ತಿನ ಅಗಲ. ಹಿಂದಿನ ಕತ್ತು 8 ಇಂಚಿಗಿಂತ ಆಳವಾದಾಗ ಕತ್ತಿನ ಅಗಲವನ್ನು ಪ್ರತಿ ಬದಿ ಕಾಲು ಇಂಚಿನಷ್ಟು ಕಡಿಮೆ ಮಾಡಬೇಕು. ಇದನ್ನು ಹೇಳದೆ ಬರೀ ಡೀಪ್ ನೆಕ್ ಡಿಸೈನ್ ತೋರಿಸುವ ಪಾಠಗಳು ಬಹಳ. ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕೆಂಬುದನ್ನೂ ಅವರು ಬಿಟ್ಟುಬಿಡುತ್ತಾರೆ. ಹಾಗೆಯೇ ಹೊಲಿದರೆ ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಆಗ ಬಿಚ್ಚಿ ಹೊಲಿಯದೆ ಬೇರೆ ದಾರಿ ಇಲ್ಲ.

ಅಚ್ಚಾದ ಪಾಠ ಬೇಕೆನ್ನುವವರಿಗೆ: ಐಟಿಐಗಳಲ್ಲಿ ‘ಸೂಯಿಂಗ್ ಟೆಕ್ನಾಲಜಿ’ ಎಂಬ ಒಂದು ವರ್ಷದ ಕೋರ್ಸ್ ಇದೆ. ಅದರ ಪಠ್ಯಕ್ರಮ, ಥಿಯರಿ ಮತ್ತು ಪ್ರಾಕ್ಟಿಕಲ್ ಪುಸ್ತಕಗಳು, ಪ್ರಶ್ನೆಗಳು ಕೇಂದ್ರ ಸರ್ಕಾರದ ‘ಭಾರತ್ ಸ್ಕಿಲ್ಸ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪುಸ್ತಕ ಸಿದ್ಧಪಡಿಸುವುದು ಚೆನ್ನೈನ ನಿಮಿ ಸಂಸ್ಥೆ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಪ್ರಾಕ್ಟಿಕಲ್ ಪುಸ್ತಕದ ಚಿತ್ರಗಳು ದಾರಿ ತೋರಿಸುತ್ತವೆ. ಯಾವುದಾದ ಮೇಲೆ ಯಾವುದು ಎಂಬ ಅನುಕ್ರಮಕ್ಕೆ ಅದನ್ನಿಟ್ಟುಕೊಂಡು, ಕೈಚಳಕಕ್ಕೆ ಕನ್ನಡದ ವಿಡಿಯೊ ನೋಡುವುದು ಒಳ್ಳೆಯ ಜೋಡಿ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ಅಂಕಿ ಹಾಕಿ ಜೋಡಿಸುವ ಡ್ಯೂಯಿ ವರ್ಗೀಕರಣ ಇದ್ದರೆ ಹೊಲಿಗೆಯ ಪುಸ್ತಕಗಳು 646ರಲ್ಲಿ ಇರುತ್ತವೆ, ಆ ಅಂಕಿ ಹೇಳಿ ಕೇಳಿ. ಹಳೇ ಪುಸ್ತಕ ಕೊಳ್ಳುವಾಗ ನಕ್ಷೆಯ ಪ್ರತಿ ಬಿಂದುವಿಗೂ ಗುರುತು ಇದೆಯೇ, ಈ ಬಿಂದುವಿನಿಂದ ಆ ಬಿಂದುವಿಗೆ ಇಷ್ಟು ಇಂಚು ಎಂದು ಅಂಕಿ ಇದೆಯೇ ಎಂದು ಒಂದು ಪುಟ ತೆರೆದು ನೋಡಿ. ಬರೀ ಡಿಸೈನಿನ ಚಿತ್ರಗಳಿದ್ದರೆ ಅದು ಕಲಿಯುವ ಪುಸ್ತಕವಲ್ಲ.

ಒಂದು ತಿಂಗಳ ಬಿಡುವು ಸಿಕ್ಕುವವರು ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಬೇಕು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಬ್ಯಾಂಕುಗಳು ಇವನ್ನು ದೇಶದಾದ್ಯಂತ ನಡೆಸುತ್ತಿವೆ. ಊಟ, ವಸತಿ, ತರಬೇತಿ ಉಚಿತ. ಮನೆಯಲ್ಲಿ ಎರಡು ಮೂರು ತಿಂಗಳು ತಾವೇ ಹೊಲಿದು, ಎಲ್ಲಿ ತಪ್ಪುತ್ತಿದೆ ಎಂದು ಗೊತ್ತುಮಾಡಿಕೊಂಡು ಹೋದವರಿಗೆ ಅಲ್ಲಿಯ ಒಂದೊಂದು ದಿನವೂ ಲಾಭ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. 5ರಿಂದ 7 ದಿನದ ಪ್ರಾಥಮಿಕ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿ ಸೇರಿವೆ. ಆದರೆ ಅದು ಆಗಲೇ ಕಸುಬು ಮಾಡುತ್ತಿರುವವರಿಗೆ, ಮೊದಲ ಅಕ್ಷರ ಕಲಿಯುವವರಿಗಲ್ಲ. ಇದನ್ನು ತಿಳಿಯದೆ ಅರ್ಜಿ ಹಾಕಿ ಅಲೆದಾಡುವವರಿದ್ದಾರೆ.

ಊರಿನ ಟೈಲರರನ್ನು ಮರೆಯಬೇಡಿ. ‘ಬ್ಲೌಸ್ ಕಲಿಸಿಕೊಡಿ’ ಎಂದು ಹೋದರೆ ಕೆಲಸದ ಒತ್ತಡದಲ್ಲಿ ಯಾರೂ ಒಪ್ಪುವುದಿಲ್ಲ. ನೀವೇ ಹೊಲಿದ, ತಪ್ಪಿರುವ ಬ್ಲೌಸನ್ನು ಒಯ್ದು, ‘ಅಣ್ಣಾ, ತೋಳು ಇಲ್ಲಿ ನೆರಿಗೆ ಬೀಳ್ತಾ ಇದೆ, ಎಲ್ಲಿ ತಪ್ಪಿದೆ ನೋಡ್ರಿ’ ಎಂದು ಒಂದೇ ಪ್ರಶ್ನೆ ಕೇಳಿ. ಬಟ್ಟೆ ಕಣ್ಣಿಗೆ ಬಿದ್ದರೆ ಕಸುಬುದಾರರ ಕೈ ಸುಮ್ಮನಿರುವುದಿಲ್ಲ, ಚಾಕ್ ಹಿಡಿದು ಅಲ್ಲೇ ಗುರುತು ಹಾಕಿಕೊಡುತ್ತಾರೆ. ಮದುವೆ, ಹಬ್ಬದ ಸೀಸನ್ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಹೋಗಿ.

ಇನ್ನು ಸರ್ಕಾರಕ್ಕೂ ತಮಗೂ ಒಂದೊಂದು ಮನವಿ. ಯಂತ್ರ ಹಂಚುವ ಇಲಾಖೆಗಳು ಡಬ್ಬಿಯ ಜತೆ ಆ ಮಾದರಿಯ ಕೈಪಿಡಿಯನ್ನು ಕನ್ನಡದಲ್ಲಿ ಕೊಡಲಿ. ಜತೆಗೆ 11, 14, 16 ನಂಬರಿನ ಸೂಜಿಗಳು, ಎರಡು ಹೆಚ್ಚುವರಿ ಬಾಬಿನ್, ಒಂದು ಸೀಮ್ ರಿಪ್ಪರ್, ಒಂದು ಶೀಶೆ ಎಣ್ಣೆ ಇರಲಿ. ಯಂತ್ರದ ಬೆಲೆಯ ಎದುರು ಇವುಗಳ ಖರ್ಚು ಏನೂ ಅಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 32ರಿಂದ 40ರವರೆಗಿನ ಎದೆ ಅಳತೆಯ ಬ್ಲೌಸ್ ನಕ್ಷೆಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಪ್ರತಿ ಕೇಂದ್ರದಲ್ಲೂ ತೂಗುಹಾಕಿದರೆ, ಬಂದವರು ಬ್ರೌನ್ ಪೇಪರಿಗೆ ಗೆರೆ ಹಾಕಿಕೊಂಡು ಹೋಗಬಹುದು.

ಪತ್ರಿಕೆಗೆ ಕೇಳುವುದು ಇಷ್ಟು. ವಾರಕ್ಕೊಮ್ಮೆ ಒಂದು ಪುಟದಲ್ಲಿ ಒಂದೊಂದು ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಅಚ್ಚು ಹಾಕಿ: ಒಂದು ವಾರ ತೋಳು, ಮುಂದಿನ ವಾರ ಹಿಂಭಾಗ, ಆಮೇಲೆ ಮುಂಭಾಗ, ಪಟ್ಟಿಗಳು. ಹೊಲಿಗೆಯ ಗೆರೆ ಚುಕ್ಕೆಯಲ್ಲಿ, ಕತ್ತರಿಸುವ ಗೆರೆ ಪೂರ್ತಿಯಾಗಿ ಇರಲಿ. ಬಟ್ಟೆಯ ಉದ್ದದೆಳೆಗೆ ಬಾಣದ ಗುರುತು, ತೋಳಿನ ಮುಂಭಾಗಕ್ಕೆ ಒಂದು ಕಚ್ಚು, ಹಿಂಭಾಗಕ್ಕೆ ಎರಡು ಕಚ್ಚು ಹಾಕಿ. ಎದೆ ಅಳತೆ ಎಷ್ಟು, ಅದು ಮೈ ಅಳತೆಯೋ ಬ್ಲೌಸ್ ಅಳತೆಯೋ, ಮಾರ್ಜಿನ್ ಎಷ್ಟು ಸೇರಿದೆ ಎಂದು ತಲೆಬರಹದಲ್ಲೇ ಬರೆಯಿರಿ. ಪುಟದ ಮೂಲೆಯಲ್ಲಿ ಸರಿಯಾಗಿ 2 ಇಂಚಿನ ಒಂದು ಚೌಕ ಬಿಡಿಸಿ. ಅಚ್ಚಿನಲ್ಲಿ ಪುಟ ಹಿಗ್ಗಿದೆಯೋ ಕುಗ್ಗಿದೆಯೋ ಎಂದು ಓದುಗರು ಟೇಪು ಇಟ್ಟು ನೋಡಿಕೊಂಡು, ಆಮೇಲೆ ಕತ್ತರಿ ಹಿಡಿಯುತ್ತಾರೆ. ನಕ್ಷೆ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ,
ಹೊಲಿಗೆ ತರಬೇತಿ ನೀಡುವ ಶಿಕ್ಷಕಿಯರು,
ಹಾವೇರಿ ಜಿಲ್ಲೆ